ಕಾರಣಾಂತರಗಳಿಂದ

ನಾನು ಬದುಕಿನಲ್ಲಿ ಅತಿ ಹೆಚ್ಚು ಸಲ ಬರೆದ ಸಾಲು ಯಾವುದು ಅಂತ ಕೇಳಿದರೆ ಯೋಚನೆ ಮಾಡದೆ ಹೇಳುತ್ತೇನೆ. 'ಕಾರಣಾಂತರಗಳಿಂದ ಈ ಸಂಚಿಕೆ ತಡವಾಗಿ ನಿಮ್ಮ ಕೈ ಸೇರುತ್ತಿದೆ, ಓದುಗರು ದಯವಿಟ್ಟು ಸಹಕರಿಸಬೇಕು.' 2009ರಿಂದ 2014ರವರೆಗೆ ಆರು ವರ್ಷ ಒಂದು ಪುಟ್ಟ ಮಾಸಪತ್ರಿಕೆ ನಡೆಸಿದೆ. ಲೆಕ್ಕದ ಪ್ರಕಾರ 72 ಸಂಚಿಕೆ ಬರಬೇಕಿತ್ತು. ಬಂದದ್ದು 71, ಒಂದು ಸಲ ನನಗೆ ಡೆಂಗ್ಯೂ ಆಗಿ ಎರಡು ತಿಂಗಳದ್ದು ಸೇರಿಸಿ ಜಂಟಿ ಸಂಚಿಕೆ ಮಾಡಿದ್ದೆ. ಆ 71ರಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಚಿಕೆಗಳ ಎರಡನೇ ಪುಟದ ಕೆಳಗೆ ಈ ಸಾಲು ಕೂತಿದೆ. ಡಿಟಿಪಿ ಮಾಡುತ್ತಿದ್ದ ಹುಡುಗಿ ಕೊನೆಕೊನೆಗೆ ಅದನ್ನು ಟೈಪ್ ಮಾಡುವುದನ್ನೇ ಬಿಟ್ಟಳು. ಹಿಂದಿನ ತಿಂಗಳ ಫೈಲಿನಿಂದ ಎತ್ತಿ ಹಾಕಿ, "ಸಾರ್, ಈ ಸಲಾನೂ ಇರ್ಲಾ?" ಅಂತ ಮಾತ್ರ ಕೇಳುತ್ತಿದ್ದಳು.

ಕಾರಣಾಂತರ ಅನ್ನೋದು ಎಂಥಾ ಅನುಕೂಲದ ಪದ ನೋಡಿ. ಕಾರಣ ಇದೆ ಅಂತ ಹೇಳುತ್ತೆ, ಏನು ಅಂತ ಹೇಳುವುದಿಲ್ಲ. ಮದುವೆ ಮುಂದಕ್ಕೆ ಹೋದರೂ ಅದೇ, ಸಭೆ ರದ್ದಾದರೂ ಅದೇ. ಓದಿದವರು ಯಾರೂ "ಯಾವ ಕಾರಣ?" ಅಂತ ಕೇಳುವುದಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ, ಸುಮಾರು ಮೂರು ವರ್ಷ.

ಪತ್ರಿಕೆ ಯಾವುದು ಅಂದರೆ, ಎಲೆಕ್ಟ್ರಾನಿಕ್ಸ್ ಮತ್ತು ಕೈಯಾರೆ ಮಾಡಿ ನೋಡುವ ವಿಜ್ಞಾನದ್ದು. ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ, ಪಂಪ್‌ಸೆಟ್ ಸ್ಟಾರ್ಟರ್ ಯಾಕೆ ಟ್ರಿಪ್ ಆಗುತ್ತೆ, ಮಲ್ಟಿಮೀಟರ್ ಹಿಡಿಯುವುದು ಹೇಗೆ, ಇಂಥವು. 48 ಪುಟ, ಮೇಲೊಂದು ಬಣ್ಣದ ಹೊದಿಕೆ. ಚಂದಾದಾರರು ಸಾವಿರದ ನೂರು ಚಿಲ್ಲರೆ. ಅರ್ಧ ಜನ ಹೈಸ್ಕೂಲ್ ಮೇಷ್ಟ್ರುಗಳು, ಉಳಿದವರು ಐಟಿಐ ಹುಡುಗರು, ರಿಪೇರಿ ಅಂಗಡಿಯವರು, ಒಂದಿಷ್ಟು ರೈತರು. ಆಫೀಸು ಅಂದರೆ ಬೆಂಗಳೂರು ತ್ಯಾಗರಾಜನಗರದ ನಮ್ಮ ಮನೆ ಹಾಲ್. ನಾನು ಹಗಲು ಕಾರ್ಖಾನೆಯ ನೌಕರ, ರಾತ್ರಿ ಸಂಪಾದಕ. ಭಾನುವಾರ ಎಸ್‌ಪಿ ರೋಡಿನಲ್ಲಿ ಟ್ರಾನ್ಸಿಸ್ಟರ್ ಚೌಕಾಸಿ.

ಇದೇ ಊರಿನಿಂದ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಅಂತ ಮಾಸಪತ್ರಿಕೆ ತೆಗೆದಿದ್ದರು. ಅದು ನಡೆದದ್ದು ಎರಡು ವರ್ಷ. ನಾವು ಆರು ವರ್ಷ ನಡೆಸಿದೆವಲ್ಲ ಅಂತ ನನಗೆ ಒಳಗೊಳಗೇ ಒಂದು ಜಂಬ ಇತ್ತು. ಅವರಿಗೆ ಒಂದೊಂದೇ ಅಚ್ಚಿನ ಮೊಳೆ ಜೋಡಿಸುವ ಕಾಲ ಅಂತ ನೆನಪಾದಾಗ ಜಂಬ ಇಳಿಯುತ್ತಿತ್ತು.

ಸರಿ, ತಡದ ವಿಷಯಕ್ಕೆ ಬರುತ್ತೇನೆ. ಮೊದಮೊದಲು ನನ್ನ ಪ್ರಕಾರ ಎಲ್ಲ ತಡಕ್ಕೂ ಒಬ್ಬನೇ ಅಪರಾಧಿ, ಅಂಚೆ. 'ಸಂಚಿಕೆ ಇನ್ನೂ ಬಂದಿಲ್ಲ' ಅಂತ ಕಾರ್ಡ್ ಬಂದರೆ ನಾನು ಬರೆಯುತ್ತಿದ್ದ ಉತ್ತರವೂ ಸಿದ್ಧವಾಗಿತ್ತು. 'ನಾವು ಅಂಚೆಗೆ ಹಾಕಿದ್ದೇವೆ, ದಯವಿಟ್ಟು ನಿಮ್ಮ ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿ.' ಫೋನ್ ಮಾಡಿದವರಿಗೂ ಅದೇ ಮಾತು. ಒಂದು ದಿನ ನಾನು ಹೀಗೆ ಫೋನಿನಲ್ಲಿ ಅಂಚೆಯವರನ್ನು ಬೈಯುತ್ತಿದ್ದಾಗ ನನ್ನ ಹೆಂಡತಿ ಬೀನ್ಸ್ ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು. "ರೀ, ನಮ್ಮ ಮನೆ ಅಡ್ರೆಸ್‌ಗೂ ಒಂದು ಕಾಪಿ ಪೋಸ್ಟ್ ಮಾಡಿ ನೋಡಬಾರ್ದಾ? ಎಷ್ಟು ದಿನಕ್ಕೆ ಬರುತ್ತೆ ಗೊತ್ತಾಗುತ್ತಲ್ಲ."

ಮಾಡಿದೆ. ನಮ್ಮ ಮನೆಗೊಂದು, ಸಿರಸಿಯಲ್ಲಿರುವ ಅಕ್ಕನಿಗೊಂದು, ಬೀದರಿನಲ್ಲಿದ್ದ ಹಳೇ ಸಹೋದ್ಯೋಗಿಗೊಂದು. ಬಂದ ದಿನ ಅವರು ಫೋನ್ ಮಾಡಿ ಹೇಳಬೇಕು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಲೇಖನ ಕೈ ಸೇರಿದ್ದು, ಡಿಟಿಪಿ ಮುಗಿದದ್ದು, ಕರಡು ತಿದ್ದಿದ್ದು, ಪ್ರೆಸ್ಸಿಗೆ ಹೋದದ್ದು, ಬೈಂಡಿಂಗ್, ಪೋಸ್ಟ್, ಬಟವಾಡೆ ಅಂತ ಕಾಲಂ ಮಾಡಿ ತಾರೀಕು ಬರೆಯತೊಡಗಿದೆ. ನಾಲ್ಕು ತಿಂಗಳು ಬರೆದ ಮೇಲೆ ಆ ಪುಸ್ತಕ ತೆಗೆಯುವುದಕ್ಕೇ ಇಷ್ಟ ಆಗುತ್ತಿರಲಿಲ್ಲ. ಬೆಂಗಳೂರಿಗೆ ಎರಡು ದಿನ, ಸಿರಸಿಗೆ ಮೂರು, ಬೀದರಿಗೆ ನಾಲ್ಕು. ಒಂದೇ ಒಂದು ಸಲ ಐದು. ಇದನ್ನು ಬಿಟ್ಟರೆ ಉಳಿದ ತಡವೆಲ್ಲ ಪೋಸ್ಟ್ ಕಾಲಮ್ಮಿನ ಎಡಗಡೆಗೇ ಇತ್ತು. ಅಂದರೆ ನಮ್ಮ ಕಡೆಗೆ.

ಅಂಚೆಯವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನಾನು ಅವರನ್ನು ಬೈದದ್ದು ಕಮ್ಮಿಯೇನಲ್ಲ. ನೋಂದಣಿ ಆದ ಪತ್ರಿಕೆಗಳಿಗೆ ಅಂಚೆ ದರ ಎಷ್ಟು ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಾವು ನಡೆಸುತ್ತಿದ್ದಾಗ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ, ಆಮೇಲಿನ ಪ್ರತಿ 100 ಗ್ರಾಂಗೆ 20 ಪೈಸೆ. 2011ರ ಜೂನ್ 30ಕ್ಕೆ ನಾಲ್ಕಾಣೆ ನಾಣ್ಯವೇ ಚಲಾವಣೆಯಿಂದ ಹೋಯಿತು, ನಾಲ್ಕಾಣೆ ದರ ಮಾತ್ರ ಹೋಗಲಿಲ್ಲ. ಎಂಟಾಣೆಗೆ ಬೀದರಿನವರೆಗೆ ಒಂದು ಪತ್ರಿಕೆ ಹೊತ್ತುಕೊಂಡು ಹೋಗಿ ಮನೆ ಬಾಗಿಲಿಗೆ ಹಾಕುವವರ ಮೇಲೆ ನಾನು ದೂರು ಬರೆಯುತ್ತಿದ್ದೆ!

ಈ ರಿಯಾಯಿತಿ ಸುಮ್ನೆ ಸಿಗುವುದಿಲ್ಲ. ಆಗ ಇದ್ದ 1898ರ ಅಂಚೆ ಕಾಯ್ದೆಯಲ್ಲಿ ಇದಕ್ಕೆ ಒಂದು ಸೆಕ್ಷನ್ ಇತ್ತು. ಒಂದು ಸಂಚಿಕೆಗೂ ಇನ್ನೊಂದಕ್ಕೂ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು, ಒಳಗಿನ ಬರಹ ಬಹುಪಾಲು ರಾಜಕೀಯ ಸುದ್ದಿ ಅಥವಾ ಬೇರೆ 'ಕರೆಂಟ್ ಟಾಪಿಕ್ಸ್' ಬಗ್ಗೆ ಇರಬೇಕು. ಮೊದಲನೇ ಸಲ ಅರ್ಜಿ ಹಿಡಿದುಕೊಂಡು ಹೋದಾಗ ಅಲ್ಲಿನ ಹಿರಿಯ ಗುಮಾಸ್ತರು ನಮ್ಮ ಪತ್ರಿಕೆಯನ್ನು ತಿರುವಿ ಹಾಕಿ, ಟ್ರಾನ್ಸ್‌ಫಾರ್ಮರ್ ಸುತ್ತುವ ಲೇಖನದ ಹತ್ತಿರ ನಿಲ್ಲಿಸಿ, "ಇದರಲ್ಲಿ ಕರೆಂಟ್ ಟಾಪಿಕ್ ಎಲ್ಲಿದೆ ಸ್ವಾಮಿ?" ಅಂದರು. ನಾನು ತಬ್ಬಿಬ್ಬಾಗಿ ನಿಂತೆ. ಅವರೇ ನಕ್ಕು, "ಪೂರ್ತಿ ಕರೆಂಟಿಂದೇ ಇದೆಯಲ್ಲ, ಬಿಡಿ" ಅಂತ ಮುಂದಿನ ಟೇಬಲ್ಲಿಗೆ ತಳ್ಳಿದರು.

ಲೈಸೆನ್ಸಿನಲ್ಲಿ ಪೋಸ್ಟ್ ಮಾಡುವ ದಿನವನ್ನೂ ಗೊತ್ತು ಮಾಡಿ ಕೊಟ್ಟಿರುತ್ತಾರೆ. ಕನ್ನಡದ ಎಷ್ಟೋ ಪತ್ರಿಕೆಗಳ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಮೈಸೂರು ರಸ್ತೆಯ ಪಿಎಸ್‌ಒ ಅನ್ನುವ ಅಂಚೆ ಕಚೇರಿಯ ಹೆಸರು, ತಾರೀಕು ಇರುವುದನ್ನು ನೀವು ನೋಡಿರಬಹುದು. ನಮ್ಮದು ಹಿಂದಿನ ತಿಂಗಳ 28 ಮತ್ತು 29. ಆ ಎರಡು ದಿನ ತಪ್ಪಿತೋ, ಅರ್ಜಿ ಬರೆದು ಅನುಮತಿ ಕೇಳಬೇಕು. ಅಂದರೆ ಪ್ರೆಸ್ಸಿನಲ್ಲಿ ಒಂದು ದಿನ ತಡ ಆದರೆ ಪೋಸ್ಟ್‌ನಲ್ಲಿ ಒಂದೇ ದಿನ ತಡ ಆಗುವುದಿಲ್ಲ. ನಾನು ಅರ್ಧ ದಿನ ರಜೆ ಹಾಕಬೇಕು, ರಜೆ ಸಿಗಬೇಕು, ಅಲ್ಲಿ ಸಹಿ ಮಾಡುವವರು ಇರಬೇಕು. ಒಂದು ಮೂರಾಗುವುದು ಹೀಗೆ.

ತೂಕದ ಕಥೆ ಕೇಳಿ. ನಮ್ಮ 48 ಪುಟ 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ, ಮ್ಯಾಪ್ಲಿಥೊ ಕಾಗದದಲ್ಲಿ ಅಚ್ಚಾದರೆ, ಹೊದಿಕೆ, ರ‍್ಯಾಪರ್ ಎಲ್ಲ ಸೇರಿ 94 ಗ್ರಾಂ ಬರುತ್ತಿತ್ತು. ಆರಾಮಾಗಿ ಎಂಟಾಣೆ. ಒಂದು ತಿಂಗಳು ಸುಲ್ತಾನ್‌ಪೇಟೆಯ ಕಾಗದದ ಅಂಗಡಿಯಲ್ಲಿ 70 ಸಿಗಲಿಲ್ಲ. "80 ತಗೊಳ್ಳಿ ಸಾರ್, ಅದೇ ರೇಟಿಗೆ ಕೊಡ್ತೀನಿ, ಪೇಪರ್ ಗಟ್ಟಿ ಇರುತ್ತೆ" ಅಂದರು. ಖುಷಿಯಾಗಿ ತಂದೆ. ಅಚ್ಚಾಗಿ ಮನೆಗೆ ಬಂದ ಮೇಲೆ ಎದುರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟರೆ 104. ಎಂಟಾಣೆ ಹೋಗಿ ಎಪ್ಪತ್ತು ಪೈಸೆ. ಸಾವಿರದ ನೂರು ಪ್ರತಿಗೆ 220 ರೂಪಾಯಿ ಜಾಸ್ತಿ, ಅಷ್ಟೇ. ಈಗ ಯೋಚಿಸಿದರೆ ನಗು ಬರುತ್ತೆ. ಆದರೆ ಆಗ 220 ರೂಪಾಯಿ ಉಳಿಸಲೇಬೇಕು ಅಂತ ಹಟ. ಪೂರ್ತಿ ರ‍್ಯಾಪರ್ ಬೇಡ, ಮೂರು ಬೆರಳಗಲದ ಪಟ್ಟಿ ಸುತ್ತೋಣ ಅಂತ ಕತ್ತರಿಸಲು ಕೂತೆವು. ಎರಡು ಮೂರು ಗ್ರಾಂ ಇಳಿಯಿತು, 100ರ ಕೆಳಗೆ ಬರಲಿಲ್ಲ. ಆಮೇಲೆ ಅಂಚುಗಳನ್ನು ಇನ್ನೊಂದು ಸಲ ಕಟಿಂಗ್ ಮಷಿನ್‌ಗೆ ಕೊಟ್ಟು ಸ್ವಲ್ಪ ಸ್ವಲ್ಪ ಕತ್ತರಿಸಿಸಿದೆ. 99 ಬಂತು. ಇದಕ್ಕೆ ಎರಡು ದಿನ ಹೋಯಿತು, ಆಟೋಗೆ 180 ರೂಪಾಯಿ ಹೋಯಿತು, ಸಣ್ಣ ಪಟ್ಟಿ ದಾರಿಯಲ್ಲಿ ಹರಿದು ಎಷ್ಟೋ ಪ್ರತಿಗಳ ವಿಳಾಸವೇ ಹೋಯಿತು. ಆ ತಿಂಗಳು ಬಂದ ದೂರಿನ ಕಾರ್ಡುಗಳಿಗೆ ನಾನು ಬರೆದ ಉತ್ತರ ಏನು ಅಂತ ಹೇಳಬೇಕಿಲ್ಲ ಅಲ್ವಾ. ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿ.

ಪಿನ್ ಕೋಡಿನದ್ದೂ ನನ್ನ ಕೈಯ ಕೆಲಸವೇ. ವಿಳಾಸಗಳು ಎಕ್ಸೆಲ್ ಫೈಲಿನಲ್ಲಿದ್ದವು. ಪಿನ್ ಪ್ರಕಾರ ಜೋಡಿಸಿ, ಒಂದೊಂದು ಊರಿಗೆ ಒಂದೊಂದು ಕಟ್ಟು ಮಾಡಿ, ಸೆಣಬಿನ ಹುರಿಯಲ್ಲಿ ಕಟ್ಟಿ ಕೊಟ್ಟರೆ ಅಂಚೆಯವರಿಗೂ ಸಲೀಸು, ನಮಗೂ ಬೇಗ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಪಿನ್ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಒತ್ತಿದ್ದೇನೆ. ಪಿನ್‌ಗಳು ಸಾಲಾಗಿ ನಿಂತವು, ಹೆಸರು ಊರುಗಳು ಇದ್ದಲ್ಲೇ ಇದ್ದವು. ಯಾರದೋ ತಲೆಗೆ ಯಾರದೋ ಟೋಪಿ. ಸಾಗರದ ಪಿನ್ 577401, ಸಿರಸಿಯದು 581401. ಕೊನೆಯ ಮೂರು ಅಂಕೆ ಒಂದೇ ಆದ್ದರಿಂದ ಲೇಬಲ್ ಅಂಟಿಸುವಾಗ ಸಾಗರದವರ ಹೆಸರಿನ ಕೆಳಗೆ ಸಿರಸಿಯ ಪಿನ್ ಇದ್ದದ್ದು ಕಣ್ಣಿಗೆ ಬೀಳಲೇ ಇಲ್ಲ. ಸಾವಿರದ ನೂರು ಪ್ರತಿಯೂ ಹಾಗೇ ಹೊರಟವು. ಎರಡು ದಿನ ಬಿಟ್ಟು ಗೊತ್ತಾದಾಗ, ಈ ಸಂಚಿಕೆ ಮುಳುಗಿತು ಅಂದುಕೊಂಡೆ. ಮುಳುಗಲಿಲ್ಲ. ದಾರಿಯಲ್ಲಿ ಯಾರೋ ಸಾರ್ಟರ್‌ಗಳು ಪಿನ್ ಮೇಲೆ ಪೆನ್ನಿನಿಂದ ಗೀಟು ಹೊಡೆದು, ಊರಿನ ಹೆಸರು ನೋಡಿ, ಪಕ್ಕದಲ್ಲಿ ಸರಿಯಾದ ಪಿನ್ ಬರೆದು ತಿರುಗಿಸಿದ್ದರು. ಅಕ್ಕನಿಗೆ ಬಂದ ಪ್ರತಿಯ ರ‍್ಯಾಪರನ್ನು ಅವಳು ಎತ್ತಿಟ್ಟುಕೊಂಡಿದ್ದಳು, ಅದರ ಮೇಲೆ ಮೂರು ಊರಿನ ಠಸ್ಸೆ. ಮಾಮೂಲಿ ಮೂರು ದಿನದ ಬದಲು ಏಳು ದಿನ ಹಿಡಿದಿತ್ತು. ಅಷ್ಟೇ.

ಅಕ್ಷರದ ತೊಂದರೆ ಬೇರೆಯೇ ತರಹದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ತಾಂತ್ರಿಕ ಪತ್ರಿಕೆ ಮಾಡುವವರ ನಿಜವಾದ ತಲೆನೋವು ಇದೇ. ಲೇಖಕರು ಇಮೇಲಿನಲ್ಲಿ ಕಳಿಸುತ್ತಿದ್ದದ್ದು ಯುನಿಕೋಡ್, ಅಂದರೆ ಇಂಟರ್ನೆಟ್ಟಿನಲ್ಲಿ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ. ಡಿಟಿಪಿ ನಡೆಯುತ್ತಿದ್ದದ್ದು ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಕನ್ನಡ ಯುನಿಕೋಡ್ ಓದುವುದಕ್ಕೆ ಬರುವುದಿಲ್ಲ. ಹಾಗಾಗಿ ಪ್ರತಿ ಲೇಖನವನ್ನೂ ನುಡಿ ಫಾಂಟಿಗೆ ಬದಲಾಯಿಸಬೇಕು. ಬದಲಾಯಿಸಿದರೆ ಎಲ್ಲೋ ಒಂದು ಅರ್ಕಾವತ್ತು ಹಾರಿ ಪಕ್ಕದ ಅಕ್ಷರಕ್ಕೆ ಕೂರುತ್ತೆ, ಎಲ್ಲೋ ಒತ್ತು ಮಾಯ ಆಗುತ್ತೆ. ಕಥೆ ಕವನ ಆದರೆ ಕರಡಿನಲ್ಲಿ ಸಿಕ್ಕಿಬಿಡುತ್ತೆ, ತಪ್ಪು ಪದ ಕಣ್ಣಿಗೆ ಚುಚ್ಚುತ್ತೆ. ಸೂತ್ರಗಳ ಗತಿ?

ಹಳೇ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ, ತುಂಡು ಅಕ್ಷರಗಳನ್ನು ಕೂರಿಸಿರುತ್ತಾರೆ. ವಿ ಅಕ್ಷರದ ಜಾಗದಲ್ಲಿ 'ಗಿ', ಐ ಜಾಗದಲ್ಲಿ 'ಋ' ತರಹದ ತುಂಡು, ಆರ್ ಜಾಗದಲ್ಲಿ 'ಖ'. ನಮ್ಮ ಹುಡುಗಿ ಒಂದು ಸಲ ಅವಸರದಲ್ಲಿ ಇಡೀ ಲೇಖನ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದ್ದಾಳೆ, ಸೂತ್ರಗಳನ್ನೂ ಸೇರಿಸಿ. ವೋಲ್ಟೇಜ್ ಅಂದರೆ ಕರೆಂಟ್ ಗುಣಿಸು ರೆಸಿಸ್ಟೆನ್ಸ್, ಎಲ್ಲರೂ ಹೈಸ್ಕೂಲಿನಲ್ಲಿ ಉರುಹೊಡೆದ ಓಮ್ ನಿಯಮ 'ವಿ = ಐಆರ್', ನಮ್ಮ ಪತ್ರಿಕೆಯಲ್ಲಿ 'ಗಿ = ಋಖ' ಅಂತ ಅಚ್ಚಾಯಿತು. ಒಂದು ಕಡೆಯಲ್ಲ, ಹನ್ನೊಂದು ಕಡೆ. ಚೌಕಟ್ಟಿನೊಳಗೆ, ದಪ್ಪಕ್ಷರದಲ್ಲಿ. ಕರಡು ನೋಡಿದ್ದು ನಾನೇ. ಹಗಲೂ ರಾತ್ರಿ ಅದೇ ಸೂತ್ರ ನೋಡಿ ನೋಡಿ ಕಣ್ಣು ಅದನ್ನು ಓದುವುದನ್ನೇ ನಿಲ್ಲಿಸಿರುತ್ತೆ, ಸೂತ್ರ ಇದೆ ಅನ್ನುವುದನ್ನಷ್ಟೇ ನೋಡುತ್ತೆ. ಹಾಸನದ ಓದುಗರೊಬ್ಬರು ಕೇಳಿದ್ದರು, 'ಇದು ಓಮ್ ನಿಯಮವೋ, ಓಂಕಾರದಿಂದ ಶುರುವಾಗುವ ಋಖ್ ವೇದವೋ, ದಯವಿಟ್ಟು ತಿಳಿಸಿ.'

ಆಮೇಲೆ ಸೂತ್ರಗಳನ್ನೆಲ್ಲ ಚಿತ್ರ ಮಾಡಿ ಅಂಟಿಸುವುದು ಅಂತ ಶುರು ಮಾಡಿದೆವು. ತಪ್ಪು ನಿಂತಿತು, ಪ್ರತಿ ಸಂಚಿಕೆಗೂ ಎರಡು ದಿನ ಹೆಚ್ಚಿಗೆ ಬಿತ್ತು. ಈ ಎರಡು ದಿನಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಪ್ರೆಸ್ಸಿನ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ಹೊಸದೇನೂ ಇಲ್ಲ. 20×30 ಇಂಚಿನ ಹಾಳೆಯ ಎರಡೂ ಕಡೆ ಸೇರಿ 16 ಪುಟ, ಅದೊಂದು ಫಾರಂ. ನಮ್ಮದು ಮೂರು ಫಾರಂ, 1,300 ಪ್ರತಿ. ಮಷಿನ್‌ಗೆ ಅದು ಒಂದು ಹೊತ್ತಿನ ಕೆಲಸ. ಅಷ್ಟು ಸಣ್ಣ ಕೆಲಸ ಆದ್ದರಿಂದಲೇ ಅದನ್ನು ಎಲ್ಲಿ ಬೇಕಾದರೂ ತೂರಿಸಬಹುದು ಅಂತ ಪಕ್ಕಕ್ಕಿಟ್ಟಿರುತ್ತಾರೆ. ನವೆಂಬರ್, ಡಿಸೆಂಬರಿನಲ್ಲಿ ಕ್ಯಾಲೆಂಡರ್, ಡೈರಿ. ಆಮೇಲೆ ಮದುವೆ ಕಾರ್ಡ್. ಎಲೆಕ್ಷನ್ ಬಂತೋ, ಕರಪತ್ರ. ಆಯುಧಪೂಜೆಗೆ ಮಷಿನ್ ತೊಳೆದು, ವಿಭೂತಿ ಬಳಿದು, ಬೂದುಗುಂಬಳ ಒಡೆದ ಮೇಲೆ ಎರಡು ದಿನ ಅದನ್ನು ಮುಟ್ಟುವ ಹಾಗಿಲ್ಲ. ಒಂದು ಸಲ ನಾನು ಸ್ವಲ್ಪ ಜೋರು ಮಾಡಿದಾಗ ಮ್ಯಾನೇಜರ್ ಟೀ ತರಿಸಿ ಸಮಾಧಾನವಾಗಿ ಹೇಳಿದರು. "ಸಾರ್, ಮದುವೆ ಕಾರ್ಡ್ ಅಂದ್ರೆ ಮುಹೂರ್ತ ಇರುತ್ತೆ. ತಡ ಆದ್ರೆ ಅವರು ಕಾರ್ಡ್ ತಗೊಳ್ಳೋದೇ ಇಲ್ಲ. ನಿಮ್ಮ ಪತ್ರಿಕೆಗೆ ಏನ್ ಸಾರ್ ಮುಹೂರ್ತ? ಇವತ್ತಲ್ಲ ನಾಳೆ ಓದ್ತಾರೆ." ನನಗೆ ಉತ್ತರ ಹೊಳೆಯಲಿಲ್ಲ. ಟ್ಯಾಂಕ್ ಅಲಾರಂ ಇವತ್ತಾದರೇನು ನಾಳೆಯಾದರೇನು, ನಿಜ.

ಆದರೆ ಒಂದು ಸಂಚಿಕೆಗೆ ಮುಹೂರ್ತ ಇತ್ತು. 2012ರ ಜೂನ್ ಸಂಚಿಕೆ.

ಆ ವರ್ಷ ಜೂನ್ 6, ಬುಧವಾರ, ಶುಕ್ರ ಸಂಕ್ರಮ. ಶುಕ್ರ ಗ್ರಹ ಸೂರ್ಯನ ಮುಖದ ಮೇಲೆ ಕರೀ ಚುಕ್ಕೆಯಾಗಿ ಹಾದುಹೋಗುವುದು. ನಮ್ಮಲ್ಲಿ ಸೂರ್ಯ ಹುಟ್ಟುವ ಹೊತ್ತಿಗೇ ಚುಕ್ಕೆ ಮೇಲಿರುತ್ತೆ, ಹತ್ತೂಕಾಲು ಹತ್ತೂವರೆ ನಡುವೆ ಮುಗಿದುಹೋಗುತ್ತೆ. ಎಂಟು ವರ್ಷದ ಹಿಂದೆ, 2004ರ ಜೂನ್ 8ಕ್ಕೆ, ಒಂದು ಆಗಿತ್ತು. ಇದು ಆ ಜೋಡಿಯ ಎರಡನೆಯದು, ಮುಂದಿನದು 2117ರ ಡಿಸೆಂಬರ್. ಏಪ್ರಿಲ್ ಸಂಚಿಕೆಯಲ್ಲೇ ನಾನು ದೊಡ್ಡದಾಗಿ ಹಾಕಿದ್ದೆ, 'ಶುಕ್ರ ಸಂಕ್ರಮವನ್ನು ನಿಮ್ಮ ಶಾಲೆಯ ಗೋಡೆ ಮೇಲೆ ನೋಡಿ, ವಿಧಾನ ಜೂನ್ ಸಂಚಿಕೆಯಲ್ಲಿ' ಅಂತ.

ವಿಧಾನ ಏನೂ ದೊಡ್ಡದಲ್ಲ. ಒಂದು ಸಣ್ಣ ಕನ್ನಡಿ. ಅದರ ಮೇಲೆ ಕಾಗದ ಅಂಟಿಸಿ, ನಡುವೆ ಬಟಾಣಿಗಿಂತ ಚಿಕ್ಕ ತೂತು. ಬಿಸಿಲಿಗೆ ಹಿಡಿದು, ಆ ಬೆಳಕನ್ನು ದೂರದ ಕತ್ತಲೆ ಕೋಣೆಯ ಗೋಡೆಗೆ ಬಿಟ್ಟರೆ ಅಲ್ಲಿ ಸೂರ್ಯನದೇ ಬಿಂಬ ಮೂಡುತ್ತೆ. 20 ಮೀಟರ್ ದೂರಕ್ಕೆ ಸುಮಾರು 18 ಸೆಂಟಿಮೀಟರ್ ಅಗಲದ ಸೂರ್ಯ, ಅದರಲ್ಲಿ ಅರ್ಧ ಸೆಂಟಿಮೀಟರಿಗಿಂತ ಚೂರು ದೊಡ್ಡ ಶುಕ್ರ. ಯಾರೂ ಸೂರ್ಯನನ್ನು ನೇರವಾಗಿ ನೋಡುವ ಅಪಾಯವಿಲ್ಲ, ಇಡೀ ತರಗತಿ ಒಟ್ಟಿಗೆ ನೋಡಬಹುದು. ನನ್ನ ನಿಯಮ ಏನಿತ್ತು ಅಂದರೆ, ನಾವೇ ಮಾಡಿ ನೋಡದೆ ಯಾವುದನ್ನೂ ಅಚ್ಚು ಹಾಕುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಕನ್ನಡಿ ಹಿಡಿದುಕೊಂಡು ಹೊರಟೆ. ತ್ಯಾಗರಾಜನಗರದ ಮೂವತ್ತು ನಲವತ್ತರ ಸೈಟಿನಲ್ಲಿ 20 ಮೀಟರ್ ಎಲ್ಲಿಂದ ಬರಬೇಕು? ರಸ್ತೆಯಾಚೆ ಮನೆಯವರ ಗ್ಯಾರೇಜ್ ಖಾಲಿ ಮಾಡಿಸಿ, ಕಾರು ಹೊರಗೆ ನಿಲ್ಲಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ನಮ್ಮ ತಾರಸಿಯಿಂದ ಬೆಳಕು ಬಿಟ್ಟೆ. ಬಿಂಬ ಮೊದಲ ದಿನವೇ ಬಂತು. ಫೋಟೊ ಚೆನ್ನಾಗಿ ಬರಲಿಲ್ಲ. ಮಾರನೇ ದಿನ ಮೋಡ. ಆಮೇಲೆ ಗ್ಯಾರೇಜಿನವರ ಮನೆಗೆ ನೆಂಟರು. ಲೇಖನ ಬರೆದು ಮುಗಿದಿತ್ತು, ಒಳ್ಳೆಯ ಫೋಟೊ ಬೇಕು ಅಂತ ಆರು ದಿನ ಹಿಡಿದಿಟ್ಟುಕೊಂಡೆ. ನೋಟ್‌ಬುಕ್ಕಿನಲ್ಲಿದೆ. 20ಕ್ಕೆ ಪ್ರೆಸ್ಸಿಗೆ ಹೋಗಬೇಕಿದ್ದದ್ದು 26ಕ್ಕೆ ಹೋಗಿದೆ.

28, ಸೋಮವಾರ, ಎರಡು ಫಾರಂ ಅಚ್ಚಾದವು. 29 ಮಂಗಳವಾರ ಕೆಲಸ ಮುಗಿಸಿ ಪ್ರೆಸ್ಸಿಗೆ ಹೋದಾಗ ಮೂರನೇ ಫಾರಂ ಮಷಿನ್ ಮೇಲಿತ್ತು. ಇನ್ನೂ ಶಾಯಿ ಆರದ ಒಂದು ಹಾಳೆ ಎತ್ತಿ ನೋಡಿದೆ. 37ನೇ ಪುಟದಲ್ಲಿ ಒಂದು ಪವರ್ ಸಪ್ಲೈ ಸರ್ಕ್ಯೂಟ್. 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ತಲೆಕೆಳಗಾಗಿ ಕೂತಿತ್ತು. ಪ್ಲಸ್ ಇರಬೇಕಾದ ಕಡೆ ಮೈನಸ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಉಲ್ಟಾ ಕೊಟ್ಟರೆ ಏನಾಗುತ್ತೆ ಅಂತ ಗೊತ್ತಿರುವವರಿಗೆ ಗೊತ್ತು. ಬಿಸಿಯಾಗುತ್ತೆ, ಉಬ್ಬುತ್ತೆ, ಕೊನೆಗೆ ಢಂ ಅಂತ ಒಡೆದು ಒಳಗಿನ ಬಿಸಿ ರಸ ಹಾರುತ್ತೆ. ಇದನ್ನು ಮಾಡಿ ನೋಡುವವನು ಒಂಬತ್ತನೇ ಕ್ಲಾಸಿನ ಹುಡುಗ, ಬಗ್ಗಿ ಕೂತಿರುತ್ತಾನೆ, ಮುಖ ಒಂದು ಗೇಣು ದೂರದಲ್ಲಿ. ಮಷಿನ್ ನಿಲ್ಲಿಸಿ ಅಂದೆ.

"ಆರುನೂರು ಆಗಿದೆ ಸಾರ್" ಅಂದರು ಮ್ಯಾನೇಜರ್.

"ಆಗಲಿ, ನಿಲ್ಲಿಸಿ."

ಹೊಸ ಪ್ಲೇಟ್ ಬುಧವಾರ ಸಂಜೆ ಬಂತು. ಗುರುವಾರ, ಮೇ 31, ಪೆಟ್ರೋಲ್ ಬೆಲೆ ಏರಿಕೆ ವಿರುದ್ಧ ಭಾರತ್ ಬಂದ್. ವಾರದ ಹಿಂದೆ ಒಂದೇ ಸಲಕ್ಕೆ ಲೀಟರಿಗೆ ಏಳೂವರೆ ರೂಪಾಯಿ ಏರಿತ್ತು, ನೆನಪಿರಬಹುದು. ಬಸ್ಸಿಲ್ಲ, ಪ್ರೆಸ್ಸಿಗೆ ಯಾರೂ ಬರಲಿಲ್ಲ. ಶುಕ್ರವಾರ ಅಚ್ಚು. ಶನಿವಾರ ಮಡಿಚಿ, ಪಿನ್ ಹೊಡೆದು, ಕತ್ತರಿಸಿ, ರಾತ್ರಿ ಆಟೋದಲ್ಲಿ ಮನೆಗೆ. ಭಾನುವಾರ ಮೈದಾ ಅಂಟು ಕಾಯಿಸಿಕೊಂಡು ಮನೆಯವರೆಲ್ಲ ನೆಲದ ಮೇಲೆ ಕೂತು ರ‍್ಯಾಪರ್ ಸುತ್ತಿದೆವು. ಸೋಮವಾರ, ಜೂನ್ 4, ರಜೆ ಹಾಕಿ, ಅನುಮತಿ ತೆಗೆದುಕೊಂಡು, ಸಂಜೆ ಹೊತ್ತಿಗೆ ಪೋಸ್ಟ್.

ಭಾನುವಾರ ಅಂಟು ಸವರುತ್ತಾ ಕೂತಿದ್ದಾಗ ಹೆಂಡತಿ ಕೇಳಿದ್ದಳು. "ಮಷಿನ್ ನಿಲ್ಲಿಸೋ ಬದಲು, ಕೆಪಾಸಿಟರ್ ಉಲ್ಟಾ ಇದೆ ಅಂತ ಒಂದು ಚೀಟಿ ಅಚ್ಚು ಹಾಕಿಸಿ ಆ ಪುಟಕ್ಕೆ ಅಂಟಿಸಿದ್ರೆ ಆಗ್ತಿರ್ಲಿಲ್ವಾ? ಹೇಗೂ ಅಂಟು ಕಾಯಿಸಿದೀವಿ."

ಆಗುತ್ತಿತ್ತು. ನನಗೆ ಹೊಳೆಯಲಿಲ್ಲ. ಮಂಗಳವಾರವೇ ಅಚ್ಚು ಮುಗಿದಿದ್ದರೆ ಬುಧವಾರ ಬೈಂಡಿಂಗ್, ಬಂದ್ ದಿನ ಮನೆಯಲ್ಲಿ ಕೂತು ಚೀಟಿ, ರ‍್ಯಾಪರ್, ಶುಕ್ರವಾರ ಪೋಸ್ಟ್. ಬೀದರಿಗೂ ಐದನೇ ತಾರೀಕಿನೊಳಗೆ ಸೇರುತ್ತಿತ್ತು. ಮೊದಲ ಆರುನೂರು ಹಾಳೆಯನ್ನು ರದ್ದಿಗೆ ಹಾಕುವುದೂ ತಪ್ಪುತ್ತಿತ್ತು. ಆದರೆ ಎಷ್ಟೋ ದಿನ ನಾನು ಈ ಚೀಟಿಯ ಲೆಕ್ಕವನ್ನೇ ಹಾಕುತ್ತಿದ್ದೆ. ಅದಕ್ಕಿಂತ ಮುಂಚಿನ ಆ ಆರು ದಿನದ ಲೆಕ್ಕ ಹಾಕುತ್ತಿರಲಿಲ್ಲ. ಮಷಿನ್ ನಿಲ್ಲಿಸಿದ್ದರ ಬಗ್ಗೆ ನಾಲ್ಕು ಜನಕ್ಕೆ ಹೇಳಬಹುದು, ಕೇಳುವವರು ಭೇಷ್ ಅನ್ನುತ್ತಾರೆ. ಗ್ಯಾರೇಜಿನ ಫೋಟೊ ಬಗ್ಗೆ ಏನು ಹೇಳುವುದು? ಚೆಂದ ಕಾಣಲಿ ಅಂತ ಆಸೆಪಟ್ಟೆ, ಅಷ್ಟೇ.

ಜೂನ್ 6ಕ್ಕೆ ನಾನು ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡಿದ್ದೆ. ಬೆಳಿಗ್ಗೆ ಪೂರ್ತಿ ಮನೆಯಲ್ಲೇ. ಹನ್ನೊಂದೂವರೆಗೆ ಗೇಟಿನ ಸದ್ದಾಯಿತು, ಪೋಸ್ಟ್‌ಮ್ಯಾನ್ ಬಂದು ನಮ್ಮ ಮನೆ ವಿಳಾಸದ ಪ್ರತಿ ಕೊಟ್ಟು ಹೋದರು. ಎರಡೇ ದಿನದಲ್ಲಿ ತಂದಿದ್ದರು, ಯಾವತ್ತಿನ ಹಾಗೆ. ಶುಕ್ರ ಸೂರ್ಯನನ್ನು ಬಿಟ್ಟು ಒಂದು ಗಂಟೆಗೂ ಜಾಸ್ತಿ ಆಗಿತ್ತು. ಹೊದಿಕೆಯ ಮೇಲೆ ಗ್ಯಾರೇಜಿನ ಗೋಡೆ, ಅದರ ಮೇಲೆ ದುಂಡಗೆ ಸೂರ್ಯ. ಫೋಟೊ ತುಂಬಾ ಚೆನ್ನಾಗಿ ಬಂದಿತ್ತು.

ಮುಂದಿನ ವಾರ ಕಾರ್ಡುಗಳು ಬರತೊಡಗಿದವು. ಹೆಚ್ಚಿನವು ಬೈಗುಳವೇ, ಬೈಯಲೇಬೇಕಾದ್ದು. ಒಂದು ಕಾರ್ಡ್ ಮಾತ್ರ ಇವತ್ತಿಗೂ ಆ ನೋಟ್‌ಬುಕ್ಕಿನಲ್ಲಿದೆ. ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮೇಷ್ಟ್ರದು. ಐದನೇ ತಾರೀಕಿನ ಸಂಜೆವರೆಗೂ ಹುಡುಗರು ಪೋಸ್ಟ್ ಆಫೀಸಿಗೆ ಹೋಗಿ ಹೋಗಿ ಕೇಳಿ ಬಂದರಂತೆ. ಬರಲಿಲ್ಲ. ಹಿಂದೆ ಯಾವುದೋ ತರಬೇತಿಯಲ್ಲಿ ನೋಡಿದ್ದ ನೆನಪಿನ ಮೇಲೆ ಮೇಷ್ಟ್ರೇ ಒಂದು ಕನ್ನಡಿಗೆ ಕಾಗದ ಅಂಟಿಸಿದರಂತೆ. ಮೊದಲು ತೂತು ದೊಡ್ಡದಾಗಿ ಬರೀ ಮಬ್ಬು ಬೆಳಕು. ಆಮೇಲೆ ಒಬ್ಬ ಹುಡುಗ ಪೆನ್ನಿನ ಮುಚ್ಚಳದ ಅಗಲಕ್ಕೆ ತೂತು ಮಾಡಿಕೊಟ್ಟನಂತೆ. ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಾಲ್ಕಾಣೆಯಷ್ಟು ದೊಡ್ಡ ಒಂದು ವೃತ್ತ, ಅದರೊಳಗೆ ಒತ್ತಿ ಒತ್ತಿ ಕಪ್ಪು ಮಾಡಿದ ಒಂದು ಚುಕ್ಕೆ. ಕೆಳಗೆ ಬರೆದಿತ್ತು:

'ಸಂಚಿಕೆ 9ನೇ ತಾರೀಖಿಗೆ ಮುಟ್ಟಿತು. ಫೋಟೊ ಭಾಳ ಛಲೋ ಬಂದೈತ್ರಿ. 2117ರ ಡಿಸೆಂಬರ್ ಸಂಚಿಕೀನಾದರೂ ಸ್ವಲ್ಪ ಲಗೂ ಕಳಸ್ರಿ.'

ಅದನ್ನು ಜುಲೈ ಸಂಚಿಕೆಯ ಓದುಗರ ಪತ್ರ ವಿಭಾಗದಲ್ಲಿ ಮೊದಲನೆಯದಾಗಿ ಹಾಕಿದೆ. ಜುಲೈ ಸಂಚಿಕೆ ಪೋಸ್ಟ್ ಆದದ್ದು ಜುಲೈ 3ಕ್ಕೆ.